ಟಾಕ್‌ಗಳು ಯೂಟ್ಯೂಬಿನಲ್ಲೇ ಸಿಗುವಾಗ ಡೆವಲಪರ್ ಕಾನ್ಫರೆನ್ಸಿಗೆ ಯಾಕೆ ಹೋಗಬೇಕು?

ನಿಮ್ಮ ಪ್ರಶ್ನೆ ಇಷ್ಟು: ಹುಬ್ಬಳ್ಳಿಯ ಸಣ್ಣ ಕಂಪನಿಯೊಂದರಲ್ಲಿ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೆಲಸ ಮಾಡುತ್ತೀರಿ. ಪೈಥಾನ್ ಬಳಸುವವರ ಸಮ್ಮೇಳನವಾದ ಪೈಕಾನ್ ಇಂಡಿಯಾಗೆ ಹೋಗಬೇಕು ಅಂತ ಆಸೆ ಇದೆ. ಆದರೆ ಟಾಕ್‌ಗಳೆಲ್ಲ ಆಮೇಲೆ ಯೂಟ್ಯೂಬಿಗೆ ಬರುತ್ತವೆ, ಅಲ್ಲಿ ಯಾರೂ ಪರಿಚಯ ಇಲ್ಲ, ಇಂಗ್ಲಿಷ್ ಮಾತಾಡಲು ಸಂಕೋಚ. ದುಡ್ಡು, ರಜೆ ಎರಡನ್ನೂ ಖರ್ಚು ಮಾಡಿ ಹೋಗುವುದರಲ್ಲಿ ಅರ್ಥ ಇದೆಯಾ?

ಇದೆ, ಹೋಗಿ. ಆದರೆ ಟಾಕ್ ಕೇಳಲಿಕ್ಕೆ ಅಂತ ಹೋಗಬೇಡಿ. ಆ ವಿಷಯದಲ್ಲಿ ನೀವು ಹೇಳಿದ್ದು ಪೂರ್ತಿ ಸರಿ. ಮನೆಯಲ್ಲಿ ಕೂತು, ಬೇಕಾದಲ್ಲಿ ನಿಲ್ಲಿಸಿ, ಕೋಡ್ ಬರೆದು ನೋಡುತ್ತಾ ಕೇಳಿದರೆ ಟಾಕ್ ಇನ್ನೂ ಚೆನ್ನಾಗಿ ತಲೆಗೆ ಹೋಗುತ್ತದೆ. ವಿಡಿಯೊದಲ್ಲಿ ಸಿಗದಿರುವುದು ಬೇರೆ. ನಿಮ್ಮನ್ನು ವಾರಗಟ್ಟಲೆ ಕಾಡಿದ ತೊಂದರೆಯನ್ನು, ಅದೇ ತೊಂದರೆ ಪಟ್ಟವರ ಮುಂದೆ ಇಟ್ಟು, ಪಕ್ಕದಲ್ಲೇ ಕೂತು ಬಿಡಿಸುವುದು. ನಾನು ಈಗಲೂ ಹೋಗುವುದು ಅದಕ್ಕೇ.

ಇದು ಯಾರು ನಡೆಸುವ ಕಾರ್ಯಕ್ರಮ ಅಂತ ಮೊದಲು ಗೊತ್ತಿರಲಿ. ಅದು ಗೊತ್ತಾದರೆ ನಿಮ್ಮ ಸಂಕೋಚ ಅರ್ಧ ಹೋಗುತ್ತದೆ. ಪೈಕಾನ್ ಇಂಡಿಯಾ ಮೊದಲ ಸಲ ನಡೆದದ್ದು 2009ರ ಸೆಪ್ಟೆಂಬರಿನಲ್ಲಿ, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಆಮೇಲೆ ಪುಣೆ, ದೆಹಲಿ, ಹೈದರಾಬಾದ್, ಚೆನ್ನೈ ಎಲ್ಲ ಸುತ್ತಿ, ಕೊರೊನಾ ಕಾಲದಲ್ಲಿ ಆನ್‌ಲೈನ್ ಆಗಿ, 2024 ಮತ್ತು 2025ರಲ್ಲಿ ಮತ್ತೆ ಬೆಂಗಳೂರಿಗೆ ಬಂತು. ಎರಡೂ ಸಲ ಹೊಸೂರು ರಸ್ತೆಯ ನಿಮ್ಹಾನ್ಸ್ ಕನ್ವೆನ್ಷನ್ ಸೆಂಟರಿನಲ್ಲಿ ನಡೆಯಿತು.

ಇದರ ಹಿಂದೆ ಯಾವ ದೊಡ್ಡ ಕಂಪನಿಯೂ ಇಲ್ಲ. ಕಂಪನಿಗಳು ಪ್ರಾಯೋಜಕರು ಅಷ್ಟೇ. ನಡೆಸುವವರು ಸ್ವಯಂಸೇವಕರು. ಇದನ್ನು ಕಟ್ಟಿದವರಲ್ಲಿ ಕೆನೆತ್ ಗೊನ್ಸಾಲ್ವೆಸ್ ಒಬ್ಬರು. 2012ರಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ ಪೈಥಾನ್ ಸಮುದಾಯಕ್ಕಾಗಿ ದುಡಿದವರಿಗೆ ಒಂದು ಪ್ರಶಸ್ತಿ ಕೊಡುತ್ತಾರೆ. ಬಾಗಿಲಲ್ಲಿ ನಿಮ್ಮ ಹೆಸರು ನೋಡಿ ಬ್ಯಾಡ್ಜ್ ಕೈಗೆ ಕೊಡುವವರು ಕೂಡ ನಿಮ್ಮ ಹಾಗೆ ಆಫೀಸಿನಲ್ಲಿ ಬಗ್ ಸರಿಮಾಡುವವರೇ. ಸಂಬಳಕ್ಕೆ ನಿಂತವರಲ್ಲ. ಹಾಗಾಗಿ ಮೊದಲ ಪರಿಚಯ ಅಲ್ಲೇ ಮಾಡಿಕೊಳ್ಳಿ. 'ಮೊದಲ ಸಲ ಬಂದಿದ್ದೇನೆ, ಹುಬ್ಬಳ್ಳಿಯಿಂದ' ಅಂದರೆ ಸಾಕು, ಮುಂದಿನದನ್ನು ಅವರೇ ನೋಡಿಕೊಳ್ಳುತ್ತಾರೆ.

ಈಗ ಮುಖ್ಯ ವಿಷಯ. ಗೊತ್ತಿಲ್ಲದವರ ಜೊತೆ ಮಾತು ಶುರು ಮಾಡುವುದು ಹೇಗೆ?

ಇಂಥ ಕಡೆ ನಿಜವಾದ ಮಾತುಕತೆ ನಡೆಯುವುದು ಹಾಲ್ ಹೊರಗಿನ ಕಾರಿಡಾರಿನಲ್ಲಿ. ಇದನ್ನೇ 'ಹಾಲ್‌ವೇ ಟ್ರ್ಯಾಕ್' ಅನ್ನುತ್ತಾರೆ. ಐದಾರು ಜನ ಗುಂಪಾಗಿ ನಿಂತು ಮಾತಾಡುತ್ತಿರುತ್ತಾರೆ. ಒಳಗೆ ನುಗ್ಗುವುದು ಹೇಗೆ ಅಂತ ಹೊಸಬರಿಗೆ ಮುಜುಗರ ಆಗುತ್ತದೆ. ಇದಕ್ಕೆ ಎರಿಕ್ ಹೋಲ್ಷರ್ ಅನ್ನುವವರು ಒಂದು ಒಳ್ಳೆಯ ಪದ್ಧತಿ ಹೇಳಿದ್ದಾರೆ, ಹೆಸರು 'ಪ್ಯಾಕ್‌ಮನ್ ರೂಲ್'. ಗುಂಪಾಗಿ ನಿಂತಾಗ ಪೂರ್ತಿ ಸುತ್ತು ಮುಚ್ಚಬಾರದು, ಪ್ಯಾಕ್‌ಮನ್ ಅನ್ನುವ ಹಳೇ ವಿಡಿಯೊ ಗೇಮಿನ ಗೊಂಬೆಯ ತೆರೆದ ಬಾಯಿಯ ಹಾಗೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟಿರಬೇಕು. ಯಾರಾದರೂ ಬಂದು ಆ ಜಾಗದಲ್ಲಿ ನಿಂತರೆ, ಮತ್ತೊಬ್ಬರಿಗೆ ಮತ್ತೆ ಜಾಗ ಬಿಡಬೇಕು. ಜಾಗ ಕಂಡರೆ ಹೋಗಿ ನಿಂತುಬಿಡಿ. ಅದು ಬಿಟ್ಟಿರುವುದೇ ನಿಮ್ಮಂಥವರಿಗೆ. ಸ್ವಲ್ಪ ಹೊತ್ತು ಸುಮ್ನೆ ಕೇಳಿಸಿಕೊಳ್ಳಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಮಾತಾಡುವ ಸರದಿ ಬಂದಾಗ 'ಪೈಥಾನ್‌ನಲ್ಲಿ ಮುಂದೆ ಏನು ಕಲಿಯಬೇಕು?' ಅಂತ ಕೇಳಬೇಡಿ. ಪಾಪ, ಅದಕ್ಕೆ ಯಾರಾದರೂ ಏನು ಉತ್ತರ ಕೊಟ್ಟಾರು? ನಿಮ್ಮ ಕೆಲಸದಲ್ಲಿ ನಿಜವಾಗಿ ಸಿಕ್ಕಿಕೊಂಡಿರುವ ಒಂದು ಜಾಗವನ್ನು ಕೇಳಿ. ಹೊರಡುವ ಮೊದಲೇ ಅದನ್ನು ಎರಡು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. ಕೋಡ್ ಫೋನಿನಲ್ಲಿರಲಿ.

ನಾನು ಕಣ್ಣಾರೆ ಕಂಡ ಒಂದು ಉದಾಹರಣೆ ಹೇಳುತ್ತೇನೆ. ಟೀ ಹೊತ್ತಿನಲ್ಲಿ ಯುವತಿಯೊಬ್ಬರು ಫೋನ್ ತೋರಿಸಿ ಕೇಳಿದರು. ಅವರ ಆಪ್‌ನಲ್ಲಿ ಕನ್ನಡದ ತಲೆಬರಹಗಳು ಉದ್ದವಾದರೆ ಕತ್ತರಿಸಿ ಮುಂದೆ ಮೂರು ಚುಕ್ಕೆ ಇಡಬೇಕು. ಇಂಗ್ಲಿಷಿನಲ್ಲಿ ಸರಿಯಾಗುತ್ತದೆ, ಕನ್ನಡದಲ್ಲಿ ಕೊನೆಯ ಅಕ್ಷರ ಒಡೆದು ಹೋಗುತ್ತದೆ. ಅಲ್ಲಿದ್ದವರೊಬ್ಬರು ಅಲ್ಲೇ ಲ್ಯಾಪ್‌ಟಾಪ್ ತೆರೆದು 'ಕನ್ನಡ' ಅನ್ನುವ ಪದದ ಉದ್ದ ಎಷ್ಟು ಅಂತ ಪೈಥಾನನ್ನೇ ಕೇಳಿದರು. ಉತ್ತರ 5. ನಮ್ಮ ಕಣ್ಣಿಗೆ ಮೂರೇ ಅಕ್ಷರ, ಅಲ್ವಾ? ಆದರೆ ಒಳಗೆ ಕ, ನ, ಹಲಂತದ ಚಿಹ್ನೆ, ಮತ್ತೊಂದು ನ, ಡ ಅಂತ ಐದು ಇವೆ. ಮೊದಲ ಮೂರನ್ನು ಕತ್ತರಿಸಿದರೆ 'ಕನ್' ಉಳಿಯುತ್ತದೆ, ಒತ್ತು ಹಾರಿಹೋಗುತ್ತದೆ. ಕತ್ತರಿಸುವ ಜಾಗದ ಹಿಂದೆ ಹಲಂತ ಇದ್ದರೆ, ಅಥವಾ ಮುಂದೆ ಹಲಂತವೋ ಕೊಂಬು, ಗುಡಿಸಿನಂಥ ಸ್ವರ ಚಿಹ್ನೆಯೋ ಇದ್ದರೆ, ಕತ್ತರಿಯನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಸರಿಸಬೇಕು. ನಾಲ್ಕು ಸಾಲಿನ ಫಂಕ್ಷನ್. ಅದನ್ನು ನಿಂತಲ್ಲೇ ಬರೆದರು.

ಅಷ್ಟಕ್ಕೇ ಮುಗಿಯಲಿಲ್ಲ. ಪಕ್ಕದಲ್ಲಿ ನಿಂತಿದ್ದ ಇನ್ನೊಬ್ಬರು 'ನಿಮ್ಮ ಸರ್ಚ್ ಸರಿಯಾಗಿ ಕೆಲಸ ಮಾಡುತ್ತಾ?' ಅಂತ ಕೇಳಿದರು. 'ರ‍್ಯಾಂಕ್' ಅಂತ ಬರೆಯುವಾಗ ರ ಆದಮೇಲೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಕೂತಿರುತ್ತದೆ, ಜೀರೊ ವಿಡ್ತ್ ಜಾಯ್ನರ್ ಅಂತ. ಒಬ್ಬರು ಅದನ್ನು ಹಾಕಿ ಟೈಪ್ ಮಾಡುತ್ತಾರೆ, ಇನ್ನೊಬ್ಬರು ಹಾಕುವುದಿಲ್ಲ. ಕಂಪ್ಯೂಟರಿಗೆ ಇವು ಎರಡು ಬೇರೆ ಪದ. ಆ ಯುವತಿ ಕೇಳಿದ್ದು ಒಂದು ತೊಂದರೆ, ಇನ್ನೂ ಗಮನಕ್ಕೇ ಬಾರದ ಮತ್ತೊಂದು ತೊಂದರೆಗೂ ದಾರಿ ಸಿಕ್ಕಿತು. ಇಂಥದ್ದು ಯಾವ ಟಾಕ್‌ನಲ್ಲೂ ಬರುವುದಿಲ್ಲ, ಯಾಕಂದರೆ ಅದನ್ನು ಕೇಳಬೇಕು ಅಂತಲೇ ನಮಗೆ ಗೊತ್ತಿರುವುದಿಲ್ಲ.

ಈ ಮಾತುಕತೆ ಅರ್ಧಕ್ಕಿಂತ ಜಾಸ್ತಿ ಕನ್ನಡದಲ್ಲೇ ನಡೆಯಿತು ಅನ್ನುವುದನ್ನೂ ಹೇಳಬೇಕು. ವೇದಿಕೆ ಮೇಲೆ ಇಂಗ್ಲಿಷ್, ಅದು ನಿಜ. ಆದರೆ ಕಾರಿಡಾರಿನಲ್ಲಿ, ಊಟದ ಸಾಲಿನಲ್ಲಿ ಕನ್ನಡ, ತಮಿಳು, ತೆಲುಗು, ಹಿಂದಿ, ಮಲಯಾಳ ಎಲ್ಲ ಕೇಳುತ್ತದೆ. ಇಂಗ್ಲಿಷ್ ಬೇಕಾದ ಕಡೆಯೂ ವ್ಯಾಕರಣ ಯಾರೂ ನೋಡುವುದಿಲ್ಲ. ಎರರ್ ಮೆಸೇಜ್ ತೋರಿಸಿದರೆ ಅರ್ಧ ಮಾತು ಅದೇ ಆಡುತ್ತದೆ. ಭಾಷೆಯ ಕಾರಣಕ್ಕೆ ನಮ್ಮ ಕಡೆಯ ಒಳ್ಳೊಳ್ಳೆಯ ಪ್ರೋಗ್ರಾಮರ್‌ಗಳು ಮನೆಯಲ್ಲೇ ಉಳಿಯುವುದನ್ನು ನೋಡಿದರೆ ನನಗೆ ನಿಜವಾಗಿ ಬೇಜಾರಾಗುತ್ತದೆ.

ಖರ್ಚಿನ ಬಗ್ಗೆ. ವರ್ಕ್‌ಶಾಪಿಗೆ ಬೇರೆ ಟಿಕೆಟ್ ಇರುತ್ತದೆ, ಕೈ ಬಿಗಿ ಇದ್ದರೆ ಅದನ್ನು ಬಿಡಿ. ದುಡ್ಡಿನ ತೊಂದರೆ ಇರುವವರಿಗೆ ಆರ್ಥಿಕ ನೆರವು ಕೊಡುವ ಪದ್ಧತಿ ಪೈಕಾನ್ ಇಂಡಿಯಾದಲ್ಲಿದೆ. ನಾಚಿಕೆ ಪಡದೆ ಅರ್ಜಿ ಹಾಕಿ, ಅದು ಇರುವುದೇ ಅಂಥವರಿಗೆ. ಕಂಪನಿಗಳ ಸ್ಟಾಲ್, ಸ್ಟಿಕರ್, ಟೀಶರ್ಟು ಇವಕ್ಕೆಲ್ಲ ಒಂದು ಸುತ್ತು ಸಾಕು. ಕೆಲಸ ಹುಡುಕುತ್ತಿದ್ದರೆ ಮಾತ್ರ ಜಾಸ್ತಿ ಹೊತ್ತು ನಿಲ್ಲಿ.

ಟಾಕ್‌ಗಳಲ್ಲಿ ತಪ್ಪಿಸಬಾರದ್ದು ಲೈಟ್ನಿಂಗ್ ಟಾಕ್. ತಲಾ ಐದು ನಿಮಿಷ, ಗಂಟೆ ಹೊಡೆದರೆ ಇಳಿಯಬೇಕು. ಹೊಸಬರು, ಕಾಲೇಜು ಹುಡುಗರು, ಹವ್ಯಾಸಕ್ಕೆ ಏನೋ ಕಟ್ಟಿದವರು ಎಲ್ಲ ಬರುತ್ತಾರೆ. ಯಾರ ವಿಷಯ ಹಿಡಿಸಿತೋ ಅವರನ್ನು ಹೊರಗೆ ಹೋಗಿ ಮಾತಾಡಿಸಿ. ದೊಡ್ಡ ಹೆಸರಿನ ಭಾಷಣಕಾರರ ಸುತ್ತ ಯಾವಾಗಲೂ ಜನ ಇರುತ್ತಾರೆ, ಇವರ ಸುತ್ತ ಇರುವುದಿಲ್ಲ.

ಆದರೆ ನನ್ನ ಮಟ್ಟಿಗೆ ಇಡೀ ಕಾನ್ಫರೆನ್ಸಿನ ಸಾರ ಇರುವುದು ಎಲ್ಲರೂ ಜೊತೆಗೆ ಕೂತು ಕೋಡ್ ಬರೆಯುವ ಡೆವ್‌ಸ್ಪ್ರಿಂಟ್‌ನಲ್ಲಿ. 2024 ಮತ್ತು 2025ರಲ್ಲಿ ಶುಕ್ರವಾರ ವರ್ಕ್‌ಶಾಪ್, ಶನಿವಾರ-ಭಾನುವಾರ ಟಾಕ್‌ಗಳು, ಸೋಮವಾರ ಡೆವ್‌ಸ್ಪ್ರಿಂಟ್ ಇತ್ತು. ಬಹಳ ಜನ ಭಾನುವಾರ ಸಂಜೆಯೇ ಊರಿಗೆ ಹೊರಟುಬಿಡುತ್ತಾರೆ. ನೀವು ಸೋಮವಾರ ಒಂದು ರಜೆ ಹಾಕಿ, ವಾಪಸ್ ಟಿಕೆಟನ್ನು ಸೋಮವಾರ ರಾತ್ರಿಯ ರಾಣಿ ಚೆನ್ನಮ್ಮ ರೈಲಿಗೆ ಮಾಡಿಸಿ.

ಡೆವ್‌ಸ್ಪ್ರಿಂಟ್ ಅಂದರೆ ಒಂದೊಂದು ಮೇಜಿನಲ್ಲಿ ಒಂದೊಂದು ಓಪನ್ ಸೋರ್ಸ್ ಪ್ರಾಜೆಕ್ಟ್, ಅಂದರೆ ಕೋಡ್ ಎಲ್ಲರಿಗೂ ತೆರೆದಿರುವ ಸಾಫ್ಟ್‌ವೇರ್. ಅದನ್ನು ನಡೆಸುವವರು ಅಲ್ಲೇ ಕೂತಿರುತ್ತಾರೆ. ಹೊಸಬರಿಗೆ ಅಂತ ಗುರುತು ಹಾಕಿಟ್ಟ ಸಣ್ಣ ಕೆಲಸಗಳಲ್ಲಿ ಒಂದನ್ನು ನೀವು ತೆಗೆದುಕೊಳ್ಳುತ್ತೀರಿ. ಕೋಡ್ ಇಳಿಸಿಕೊಂಡು ಟೆಸ್ಟ್ ಓಡಿಸುವುದಕ್ಕೇ ಬೆಳಗಿನ ಹೊತ್ತು ಹೋಗಬಹುದು. ನಿಮ್ಮ ಮಷೀನಿನಲ್ಲಿ ಏನೋ ವರ್ಷನ್ ಹೊಂದುವುದಿಲ್ಲ, ಪ್ರಾಜೆಕ್ಟಿನ ದಾಖಲೆಯಲ್ಲಿ (ಡಾಕ್ಯುಮೆಂಟೇಶನ್) ಬರೆದ ಹಾಗೆ ಇನ್‌ಸ್ಟಾಲ್ ಆಗುವುದಿಲ್ಲ. ಆಗ ಮೇಂಟೇನರ್, ಅಂದರೆ ಆ ಪ್ರಾಜೆಕ್ಟ್ ನಡೆಸುವವರು, ನಿಮ್ಮ ಸ್ಕ್ರೀನ್ ನೋಡಿ 'ಓ, ಇದು ದಾಖಲೆಯಲ್ಲೇ ಬಿಟ್ಟುಹೋಗಿದೆ, ನೀವೇ ಸೇರಿಸಿ' ಅನ್ನುತ್ತಾರೆ. ಅದೇ ನಿಮ್ಮ ಮೊದಲ ಪುಲ್ ರಿಕ್ವೆಸ್ಟ್, ಅಂದರೆ 'ನನ್ನ ಈ ಬದಲಾವಣೆ ಸೇರಿಸಿಕೊಳ್ಳಿ' ಅನ್ನುವ ಕೋರಿಕೆ. ಎರಡೇ ಸಾಲು ಇರಬಹುದು. ಆದರೆ ಮುಂದಿನ ತಿಂಗಳು ಅದೇ ಪ್ರಾಜೆಕ್ಟಿನಲ್ಲಿ ಏನಾದರೂ ಕೇಳಿದಾಗ ಅವರಿಗೆ ನಿಮ್ಮ ಮುಖ ನೆನಪಿರುತ್ತದೆ. ವಿಸಿಟಿಂಗ್ ಕಾರ್ಡಿನಿಂದ, ಲಿಂಕ್ಡ್‌ಇನ್ ರಿಕ್ವೆಸ್ಟಿನಿಂದ ಆಗದ ಪರಿಚಯ, ಜೊತೆಗೆ ಕೂತು ಮಾಡಿದ ಕೆಲಸದಿಂದ ಆಗುತ್ತದೆ. ಹೋಗುವ ಮೊದಲೇ ಕೋಡಿನ ಬದಲಾವಣೆ ದಾಖಲಿಸುವ ಗಿಟ್ ಹಾಕಿಕೊಂಡು, ಕೋಡ್ ಹಂಚಿಕೊಳ್ಳುವ ಜಾಲತಾಣ ಗಿಟ್‌ಹಬ್‌ನ ಖಾತೆಗೆ ಲಾಗಿನ್ ಆಗುತ್ತದಾ ಅಂತ ನೋಡಿಕೊಂಡಿರಿ. ಅಷ್ಟು ಜನ ಸೇರಿದಲ್ಲಿ ವೈಫೈ ನಂಬುವ ಹಾಗಿಲ್ಲ.

ವಾಪಸ್ ಬಂದಮೇಲೆ ವಾರದೊಳಗೆ, ಚೆನ್ನಾಗಿ ಮಾತಾಡಿದ ಒಬ್ಬಿಬ್ಬರಿಗೆ ಮೆಸೇಜ್ ಹಾಕಿ. 'ನೀವು ಹೇಳಿದ ಹಾಗೆ ಮಾಡಿ ನೋಡಿದೆ, ಹೀಗಾಯಿತು' ಅಂತ ಬರೆಯಿರಿ. ಬರೀ 'ಭೇಟಿಯಾಗಿದ್ದು ಖುಷಿ' ಅಂತ ಹಾಕಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಬೆಂಗಳೂರಿನವರಿಗೆ ಬ್ಯಾಂಗ್‌ಪೈಪರ್ಸ್ ಅನ್ನುವ ಪೈಥಾನ್ ಬಳಗದ ಮೀಟಪ್ ಇದೆ, ಪರಿಚಯ ಉಳಿಸಿಕೊಳ್ಳುವುದು ಸುಲಭ. ಹುಬ್ಬಳ್ಳಿಯವರಾದ ನಿಮಗೆ ಒಂದು ಕೆಲಸ ಹೇಳುತ್ತೇನೆ, ದಯವಿಟ್ಟು ಮಾಡಿ. ಕಾನ್ಫರೆನ್ಸಿನಲ್ಲಿ 'ಓಪನ್ ಸ್ಪೇಸ್' ಅಂತ ಒಂದು ಏರ್ಪಾಡು ಇರುತ್ತದೆ. ವಿಷಯ, ಹೊತ್ತು ಬರೆದು ಹಾಕಿದರೆ ಆಸಕ್ತಿ ಇದ್ದವರು ಬಂದು ಸೇರುತ್ತಾರೆ, ಯಾರು ಬೇಕಾದರೂ ಬರೆಯಬಹುದು. ಶನಿವಾರ ಬೆಳಿಗ್ಗೆಯೇ ಅಲ್ಲಿ ಕನ್ನಡದಲ್ಲಿ 'ಹುಬ್ಬಳ್ಳಿ-ಧಾರವಾಡದ ಪೈಥಾನ್ ಮಂದಿ' ಅಂತ ಬರೆದು, ಊಟ ಆದಮೇಲಿನ ಒಂದು ಹೊತ್ತು ಹಾಕಿ. ನಿಮ್ಮಲ್ಲಿ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ ಇದೆ, ಧಾರವಾಡದಲ್ಲಿ ಐಐಟಿ, ಐಐಐಟಿ ಎರಡೂ ಇವೆ. ಅಲ್ಲಿ ಓದುತ್ತಿರುವವರೋ ಓದಿ ಹೋದವರೋ ನಾಲ್ಕು ಜನ ಬಂದರೂ ಸಾಕು. ಅಲ್ಲೇ ಒಂದು ವಾಟ್ಸಾಪ್ ಗುಂಪು ಮಾಡಿ, ಮುಂದಿನ ತಿಂಗಳು ಯಾವ ಭಾನುವಾರ, ಯಾರ ಆಫೀಸಿನಲ್ಲಿ ಅಥವಾ ಯಾವ ಕಾಲೇಜಿನ ಲ್ಯಾಬಿನಲ್ಲಿ ಸೇರುವುದು ಅಂತ ಗೊತ್ತುಮಾಡಿಕೊಂಡೇ ಏಳಿ. ಮೊದಲ ಸಭೆಗೆ ಮಾತಾಡುವವರು ಸಿಗದಿದ್ದರೆ ಇಲ್ಲಿ ಕಾಮೆಂಟಿನಲ್ಲಿ ತಿಳಿಸಿ. ನಾನು ಬರುತ್ತೇನೆ, ಕನ್ನಡ ಅಕ್ಷರಗಳನ್ನು ಒಡೆಯದೆ ಕತ್ತರಿಸುವ ಆ ಫಂಕ್ಷನ್ನನ್ನೇ ಎಲ್ಲರೂ ಸೇರಿ ಬರೆಯೋಣ.