ಬ್ರಿಟನ್ನಿನ ನ್ಯಾಷನಲ್ ಲಾಟರಿಯ ಹಣವನ್ನು ಸಮಾಜದ ಕೆಲಸಗಳಿಗೆ ಹಂಚುವವರು ಯಾರು?

ಲಾಟರಿ ಟಿಕೆಟ್ಟಿನ ಹಣದಲ್ಲಿ ಸಮಾಜದ ಕೆಲಸಗಳಿಗೆ ನಿಜವಾಗಿ ಎಷ್ಟು ಸೇರುತ್ತದೆ, ಅದನ್ನು ಸರ್ಕಾರವೇ ತನಗೆ ಬೇಕಾದಂತೆ ಹಂಚುತ್ತದೆಯೇ, ಇಂಗ್ಲೆಂಡಿನಲ್ಲಿರುವ ನಿಮ್ಮ ಅಕ್ಕ ನಡೆಸುವ ಸಣ್ಣ ಕನ್ನಡ ಕೂಟವೂ ಅದನ್ನು ಕೇಳಬಹುದೇ ಎಂದು ವಿಚಾರಿಸಿದ್ದೀರಿ. ನಾನು ಇಲ್ಲಿನ ಒಂದು ಸಮುದಾಯ ಕೇಂದ್ರದ ಸಮಿತಿಯಲ್ಲಿದ್ದು, ಸಣ್ಣ ಸಂಘಗಳವರಿಗೆ ಇಂಥ ಅರ್ಜಿಗಳನ್ನು ಬರೆಯಲು ನೆರವಾಗುತ್ತೇನೆ. ಆದ್ದರಿಂದ ಮೂರಕ್ಕೂ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಜಾನ್ ಮೇಜರ್ ಪ್ರಧಾನಿಯಾಗಿದ್ದಾಗ, 1993ರಲ್ಲಿ, ನ್ಯಾಷನಲ್ ಲಾಟರಿಯ ಕಾನೂನು ಜಾರಿಗೆ ಬಂತು. ಮೊದಲ ಡ್ರಾ ನಡೆದದ್ದು 1994ರ ನವೆಂಬರ್ 19ರಂದು. ಲಾಟರಿಯನ್ನು ನಡೆಸುವುದು ಸರ್ಕಾರದ ಇಲಾಖೆಯಲ್ಲ, ಪರವಾನಗಿ ಪಡೆದ ಖಾಸಗಿ ಕಂಪನಿ. ಆರಂಭದಿಂದ 2024ರ ಜನವರಿಯವರೆಗೆ ಕ್ಯಾಮೆಲಾಟ್ ನಡೆಸಿತು. ಫೆಬ್ರವರಿಯಿಂದ ಆಲ್ವಿನ್ ನಡೆಸುತ್ತಿದೆ. ಕಂಪನಿಯ ಮೇಲೆ ಕಣ್ಣಿಡುವ ಹೊಣೆ ಜೂಜಾಟವನ್ನು ನಿಯಂತ್ರಿಸುವ ಗ್ಯಾಂಬ್ಲಿಂಗ್ ಕಮಿಷನ್ನಿನದು. ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ ಸುಮಾರು 800 ಕೋಟಿ ಪೌಂಡ್‌ಗಳಷ್ಟು ಟಿಕೆಟ್ ಮಾರಾಟವಾಗಿದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಹುಮಾನಗಳಿಗೆ ಹೋಗುತ್ತದೆ, ನೂರಕ್ಕೆ 12 ಲಾಟರಿ ಸುಂಕವಾಗಿ ನೇರವಾಗಿ ಸರ್ಕಾರದ ಖಜಾನೆ ಸೇರುತ್ತದೆ, ಅಂಗಡಿಯವರ ಕಮಿಷನ್ ಮತ್ತು ಕಂಪನಿಯ ಖರ್ಚು-ಲಾಭಗಳಿಗೆ ಒಂದಿಷ್ಟು ಕಳೆಯುತ್ತದೆ, ಮತ್ತು ನೂರಕ್ಕೆ 22ರ ಆಸುಪಾಸು ಸಮಾಜದ ಕೆಲಸಗಳಿಗೆ ಉಳಿಯುತ್ತದೆ. ಈ ಪಾಲು ಎಲ್ಲ ಆಟಗಳಿಗೂ ಒಂದೇ ಅಲ್ಲ ಎಂಬುದನ್ನು ಗಮನಿಸಬೇಕು. ವಾರದ ಡ್ರಾ ಟಿಕೆಟ್ಟಿಗೆ ಹೋಲಿಸಿದರೆ ಕೆರೆದು ನೋಡುವ ಸ್ಕ್ರ್ಯಾಚ್‌ಕಾರ್ಡಿನಿಂದ ಬರುವ ಪಾಲು ಬಹಳ ಕಡಿಮೆ. ಆದ್ದರಿಂದ ಜನರು ಸ್ಕ್ರ್ಯಾಚ್‌ಕಾರ್ಡಿನ ಕಡೆ ವಾಲಿದರೆ ಒಟ್ಟು ಮಾರಾಟ ಹೆಚ್ಚಿಯೂ ಈ ಬಾಬ್ತಿನ ಹಣ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ.

ಯಾರೂ ಕೇಳಿ ಬಾರದ ಬಹುಮಾನದ ಹಣವೂ ಇದೇ ನಿಧಿಗೆ ಸೇರುತ್ತದೆ. ಡ್ರಾ ಆದ 180 ದಿನಗಳೊಳಗೆ ಟಿಕೆಟ್ ತೋರಿಸದಿದ್ದರೆ ಹಕ್ಕು ಹೋಗುತ್ತದೆ. ಯುರೋಪಿನ ಹಲವು ದೇಶಗಳು ಸೇರಿ ನಡೆಸುವ ಯೂರೋಮಿಲಿಯನ್ಸ್ ಆಟದ 2012ರ ಜೂನ್ ತಿಂಗಳ ಡ್ರಾದಲ್ಲಿ ಇಂಗ್ಲೆಂಡಿನ ಸ್ಟೀವನೇಜ್–ಹಿಚಿನ್ ಪ್ರದೇಶದಲ್ಲಿ ಮಾರಾಟವಾಗಿದ್ದ ಒಂದು ಟಿಕೆಟ್ಟಿಗೆ 6.38 ಕೋಟಿ ಪೌಂಡ್ ಬಂದಿತ್ತು. ಡಿಸೆಂಬರ್ ಬಂದರೂ ಟಿಕೆಟ್ಟಿನ ಒಡೆಯರು ಬರಲೇ ಇಲ್ಲ. ಅಷ್ಟೂ ಹಣ ಬಡ್ಡಿ ಸಮೇತ ಸಮಾಜದ ಕೆಲಸಗಳ ಪಾಲಾಯಿತು.

ಇನ್ನು ಹಂಚಿಕೆ. ಕಂಪನಿಯಿಂದ ಬಂದ ಹಣ ನ್ಯಾಷನಲ್ ಲಾಟರಿ ಡಿಸ್ಟ್ರಿಬ್ಯೂಷನ್ ಫಂಡ್ ಎಂಬ ಪ್ರತ್ಯೇಕ ನಿಧಿಗೆ ಜಮೆಯಾಗುತ್ತದೆ. ಅದನ್ನು ನೋಡಿಕೊಳ್ಳುವುದು ಸಂಸ್ಕೃತಿ ಇಲಾಖೆಯಾದರೂ, ಆ ಹಣ ಸರ್ಕಾರದ ಸಾಮಾನ್ಯ ಖಜಾನೆಯಲ್ಲಿ ಬೆರೆಯುವುದಿಲ್ಲ. ಯಾವ ಕ್ಷೇತ್ರಕ್ಕೆ ಎಷ್ಟು ಪಾಲು ಎಂಬುದು ಕಾನೂನಿನಲ್ಲೇ ಇದೆ: ಆರೋಗ್ಯ, ಶಿಕ್ಷಣ, ಪರಿಸರ ಮತ್ತು ದತ್ತಿ ಕಾರ್ಯಗಳಿಗೆ ಒಟ್ಟಾಗಿ ನೂರಕ್ಕೆ 40, ಕಲೆಗೆ 20, ಕ್ರೀಡೆಗೆ 20, ಪರಂಪರೆಗೆ 20. ಅಲ್ಲಿಂದ ಮುಂದೆ ಅದು ಹನ್ನೆರಡು ವಿತರಣಾ ಸಂಸ್ಥೆಗಳ ಕೈ ಸೇರುತ್ತದೆ. ನೂರಕ್ಕೆ 40ರ ಪಾಲನ್ನು ನ್ಯಾಷನಲ್ ಲಾಟರಿ ಕಮ್ಯುನಿಟಿ ಫಂಡ್, ಪರಂಪರೆಯ ಪಾಲನ್ನು ನ್ಯಾಷನಲ್ ಲಾಟರಿ ಹೆರಿಟೇಜ್ ಫಂಡ್ ಹಂಚುತ್ತವೆ. ಕಲೆ ಮತ್ತು ಕ್ರೀಡೆಗಳಿಗೆ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಲ್ಲಿ ಬೇರೆ ಬೇರೆ ಸಂಸ್ಥೆಗಳಿವೆ. ಸಿನಿಮಾಕ್ಕೆ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್, ಒಲಿಂಪಿಕ್ ಮಟ್ಟದ ಕ್ರೀಡಾಪಟುಗಳಿಗೆ ಯುಕೆ ಸ್ಪೋರ್ಟ್. ಆದ್ಯತೆಗಳು ಏನಿರಬೇಕೆಂದು ಮಂತ್ರಿಗಳು ಸ್ಥೂಲವಾದ ನಿರ್ದೇಶನ ಕೊಡಬಹುದು. ಆದರೆ ಇಂಥ ಸಂಘಕ್ಕೆ ಇಷ್ಟು ಕೊಡಿ ಎಂದು ಹೇಳುವ ಅಧಿಕಾರ ಅವರಿಗಿಲ್ಲ. ಈ ವ್ಯವಸ್ಥೆಯ ಜೀವಾಳ ಇದೇ ಎಂದು ನಾನು ನಂಬಿದ್ದೇನೆ.

ಹಾಗೆಂದು ಈ ಬೇಲಿಯನ್ನು ಯಾರೂ ದಾಟಿಲ್ಲ ಎಂದು ಹೇಳಲಾರೆ. ಆರಂಭದಲ್ಲಿ ಕಲೆ, ಕ್ರೀಡೆ, ಪರಂಪರೆ, ದತ್ತಿ ಕಾರ್ಯ ಮತ್ತು ಹೊಸ ಸಹಸ್ರಮಾನದ ಆಚರಣೆ ಎಂಬ ಐದು ಬಾಬ್ತುಗಳಿಗೆ ಸಮಪಾಲು ಇತ್ತು. ತೆರಿಗೆ ಹಣದಿಂದ ಸರ್ಕಾರ ಮಾಡಲೇಬೇಕಾದ ಕೆಲಸಕ್ಕೆ ಲಾಟರಿ ಹಣ ಬದಲಿಯಾಗಬಾರದು ಎಂಬುದು ಆಗ ಕೊಟ್ಟ ಮಾತು. ಟೋನಿ ಬ್ಲೇರ್ ಸರ್ಕಾರ 1998ರಲ್ಲಿ ಆರೋಗ್ಯ, ಶಿಕ್ಷಣ, ಪರಿಸರಗಳನ್ನು ಆರನೆಯ ಬಾಬ್ತಾಗಿ ಸೇರಿಸಿ, ಶಿಕ್ಷಕರ ಕಂಪ್ಯೂಟರ್ ತರಬೇತಿಗೂ ಆಸ್ಪತ್ರೆಗಳ ಕ್ಯಾನ್ಸರ್ ತಪಾಸಣಾ ಯಂತ್ರಗಳಿಗೂ ಆ ಹಣ ಹೋದಾಗ, ಇದು ಬಜೆಟ್ಟಿನಿಂದ ಬರಬೇಕಾದ ಹಣವಲ್ಲವೇ ಎಂದು ಅನೇಕರು ಪ್ರಶ್ನಿಸಿದರು. ನನಗೂ ಆ ಪ್ರಶ್ನೆ ನ್ಯಾಯವಾದದ್ದೆಂದೇ ತೋರುತ್ತದೆ. ಯಂತ್ರದಿಂದ ರೋಗಿಗೆ ಒಳಿತಾಯಿತು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅದನ್ನು ಕೊಡುವ ಹೊಣೆ ಟಿಕೆಟ್ ಕೊಳ್ಳುವವರದಾಗಬೇಕಿರಲಿಲ್ಲ. ಪಾಲುಗಳು ಕೂಡ ಸ್ಥಿರವಾಗಿ ಉಳಿಯಲಿಲ್ಲ. ಒಂದು ಕಾಲಕ್ಕೆ ಕಲೆ, ಕ್ರೀಡೆ, ಪರಂಪರೆಗಳ ಪಾಲು ತಲಾ ಆರನೆಯ ಒಂದಕ್ಕೆ ಇಳಿದು, 2012ರಲ್ಲಿ ಮತ್ತೆ ನೂರಕ್ಕೆ 20ಕ್ಕೆ ಏರಿತು.

ಅದೇ 2012ರ ಲಂಡನ್ ಒಲಿಂಪಿಕ್ಸ್‌ಗೆ ಲಾಟರಿಯಿಂದ ಸುಮಾರು 220 ಕೋಟಿ ಪೌಂಡ್ ಹೋಯಿತು. ಸರ್ಕಾರ ಮೊದಲು ಹಾಕಿದ್ದ ಲೆಕ್ಕ ಸಾಲದೆ, 2007ರಲ್ಲಿ ಇನ್ನೂ 67.5 ಕೋಟಿ ಪೌಂಡ್‌ಗಳನ್ನು ಈ ನಿಧಿಯಿಂದ ತೆಗೆಯುವ ನಿರ್ಧಾರವಾದಾಗ, ಸಣ್ಣ ದತ್ತಿ ಸಂಸ್ಥೆಗಳವರು ಬಲವಾಗಿ ವಿರೋಧಿಸಿದರು. ಕ್ರೀಡೆಯ ವಿಷಯದಲ್ಲಿ ಲಾಟರಿಯ ಫಲ ಕಣ್ಣಿಗೆ ಕಾಣುವಂಥದ್ದು ಎಂಬುದನ್ನೂ ಹೇಳಬೇಕು: 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಒಂದೇ ಒಂದು ಚಿನ್ನ ಗೆದ್ದು 36ನೆಯ ಸ್ಥಾನದಲ್ಲಿದ್ದ ಬ್ರಿಟನ್, ಮರುವರ್ಷದಿಂದ ಕ್ರೀಡಾಪಟುಗಳಿಗೆ ಲಾಟರಿ ಹಣ ಸಿಗತೊಡಗಿದ ಮೇಲೆ, 2016ರ ರಿಯೊದಲ್ಲಿ 27 ಚಿನ್ನಗಳೊಂದಿಗೆ ಎರಡನೆಯ ಸ್ಥಾನಕ್ಕೆ ಬಂತು.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ತಮ್ಮ ಆದಾಯದ ಲೆಕ್ಕದಲ್ಲಿ ನೋಡಿದರೆ ಲಾಟರಿಗೆ ಹೆಚ್ಚಿನ ಪಾಲನ್ನು ತೆರುವವರು ಕಡಿಮೆ ವರಮಾನದವರು. ಆದರೆ ಆರಂಭದ ವರ್ಷಗಳಲ್ಲಿ ಲಂಡನ್ನಿನ ರಾಯಲ್ ಅಪೆರಾ ಹೌಸ್‌ನಂಥ ದೊಡ್ಡ ಸಂಸ್ಥೆಗಳಿಗೆ ಕೋಟಿಗಟ್ಟಲೆ ಪೌಂಡ್ ಸುಲಭವಾಗಿ ತಲುಪುತ್ತಿದ್ದಾಗ, ಗಣಿಗಳು ಮುಚ್ಚಿ ಕೆಲಸ ಕಳೆದುಕೊಂಡ ಕಲ್ಲಿದ್ದಲು ಸೀಮೆಯ ಊರುಗಳಿಗೆ ಬಂದದ್ದು ಅತ್ಯಲ್ಪ. ಅರ್ಜಿ ಬರೆಯಲು ಅನುಭವವಿದ್ದವರು ಆ ಊರುಗಳಲ್ಲಿರಲಿಲ್ಲ. ಇದನ್ನು ಸರಿಪಡಿಸಲೆಂದೇ 2000ದ ದಶಕದ ಮೊದಲಲ್ಲಿ ಫೇರ್ ಶೇರ್ ಎಂಬ ಯೋಜನೆಯಡಿ ಹಿಂದುಳಿದ ಪ್ರದೇಶಗಳಿಗೆ ಹಣ ಮೀಸಲಿಟ್ಟರು. ಈಗ ಯಾವ ಊರಿಗೆ, ಯಾವ ಸಂಘಕ್ಕೆ, ಎಷ್ಟು ಹಣ ಹೋಗಿದೆ ಎಂಬುದನ್ನು ಸರ್ಕಾರದ ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಿ ನೋಡಬಹುದು. ಲೆಕ್ಕ ಹೀಗೆ ಬಯಲಿನಲ್ಲಿರುವುದರಿಂದಲೇ ಅನ್ಯಾಯವಾದಾಗ ಜನರು ಕೇಳಲು ಸಾಧ್ಯವಾಗುತ್ತದೆ.

ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧವಾಗಿದೆ. ಪಕ್ಕದ ಕೇರಳದಲ್ಲಿ ಸರ್ಕಾರವೇ ಲಾಟರಿ ನಡೆಸುತ್ತದೆ. ಅಲ್ಲಿ 2012ರಲ್ಲಿ ಶುರುವಾದ ಕಾರುಣ್ಯ ನಿಧಿ ಲಾಟರಿಯ ಲಾಭವನ್ನು ಬಡ ರೋಗಿಗಳ ಚಿಕಿತ್ಸೆಗೆ ಮುಡಿಪಾಗಿಟ್ಟಿತು. ಉದ್ದೇಶ ಒಳ್ಳೆಯದೇ, ಆದರೆ ಅದನ್ನು ನಿರ್ವಹಿಸಿದ್ದು ಸರ್ಕಾರವೇ ಹೊರತು ಬ್ರಿಟನ್ನಿನಲ್ಲಿರುವಂಥ ಪ್ರತ್ಯೇಕ ವಿತರಣಾ ಸಂಸ್ಥೆಗಳಲ್ಲ.

ಈಗ ನಿಮ್ಮ ಅಕ್ಕನ ಕೂಟದ ಮಾತು. ಖಂಡಿತ ಕೇಳಬಹುದು. ಕಮ್ಯುನಿಟಿ ಫಂಡ್‌ನ ಅವಾರ್ಡ್ಸ್ ಫಾರ್ ಆಲ್ ಎಂಬ ಯೋಜನೆಯಲ್ಲಿ 300ರಿಂದ 20,000 ಪೌಂಡ್‌ಗಳವರೆಗೆ, ಎರಡು ವರ್ಷಗಳ ಅವಧಿಯವರೆಗಿನ ಕೆಲಸಕ್ಕೆ ಕೊಡುತ್ತಾರೆ. ನೋಂದಾಯಿತ ದತ್ತಿ ಸಂಸ್ಥೆಯೇ ಆಗಿರಬೇಕೆಂದಿಲ್ಲ. ಆದರೆ ಕೂಟಕ್ಕೆ ಲಿಖಿತ ನಿಯಮಾವಳಿ ಇರಬೇಕು, ಕೂಟದ ಹೆಸರಿನಲ್ಲೇ ಬ್ಯಾಂಕ್ ಖಾತೆ ಇರಬೇಕು, ಮತ್ತು ಸಮಿತಿಯಲ್ಲೂ ಖಾತೆಯ ನಿರ್ವಹಣೆಯಲ್ಲೂ ಪರಸ್ಪರ ಸಂಬಂಧವಿಲ್ಲದ ಕನಿಷ್ಠ ಇಬ್ಬರಿರಬೇಕು. ಸಂಬಂಧವೆಂದರೆ ರಕ್ತಸಂಬಂಧ, ಮದುವೆ, ಒಂದೇ ಮನೆಯ ವಾಸ, ಎಲ್ಲವೂ ಸೇರುತ್ತವೆ. ನಮ್ಮವರ ಅನೇಕ ಸಣ್ಣ ಕೂಟಗಳನ್ನು ಗಂಡ-ಹೆಂಡತಿ ಸೇರಿ ಅಕ್ಕರೆಯಿಂದ ನಡೆಸುತ್ತಿರುತ್ತಾರೆ, ಖಾತೆಗೆ ಸಹಿ ಹಾಕುವವರೂ ಅವರಿಬ್ಬರೇ. ಅರ್ಜಿ ಎಡವುವುದು ಇಲ್ಲಿಯೇ. ಮೊದಲು ಬ್ಯಾಂಕಿಗೆ ಹೋಗಿ ಹೊರಗಿನ ಮನೆಯವರೊಬ್ಬರನ್ನು ಸೇರಿಸಿಕೊಳ್ಳಲು ಹೇಳಿ.

ಧರ್ಮಪ್ರಚಾರಕ್ಕೂ ರಾಜಕೀಯಕ್ಕೂ ಈ ಹಣ ಸಿಗುವುದಿಲ್ಲ. ಗಣೇಶನ ಪೂಜೆಯ ಖರ್ಚು ಎಂದು ಬರೆದರೆ ಪ್ರಯೋಜನವಿಲ್ಲ. ಒಂಟಿಯಾಗಿರುವ ವಯಸ್ಸಾದ ಕನ್ನಡಿಗರನ್ನು ವಾರಕ್ಕೊಮ್ಮೆ ಒಂದೆಡೆ ಸೇರಿಸುವುದು, ನೆರೆಹೊರೆಯ ಮಕ್ಕಳೂ ಬರಬಹುದಾದ ಯಕ್ಷಗಾನ ತರಬೇತಿ, ಇಂಥವುಗಳಿಗೆ ಅವಕಾಶವಿದೆ. ಆ ಊರಿನ ಜನರಿಗೆ ಇದು ಬೇಕೆಂದು ನಿಮಗೆ ಹೇಗೆ ತಿಳಿಯಿತು ಎಂಬುದನ್ನು ಪರಿಶೀಲಿಸುವವರು ಮುಖ್ಯವಾಗಿ ನೋಡುತ್ತಾರೆ, ಆದ್ದರಿಂದ ಬರುವವರನ್ನು ಮೊದಲೇ ಕೇಳಿ, ಅವರು ಹೇಳಿದ್ದನ್ನು ಅರ್ಜಿಯಲ್ಲಿ ಸೇರಿಸಲಿ. ಹಿರಿಯರ ವಲಸೆಯ ನೆನಪುಗಳನ್ನು ಧ್ವನಿಮುದ್ರಿಸಿ ಕಾಪಾಡುವ ಯೋಚನೆಯಿದ್ದರೆ ಹೆರಿಟೇಜ್ ಫಂಡ್ ಹೆಚ್ಚು ಸೂಕ್ತ. ಅಲ್ಲಿ 10,000 ಪೌಂಡ್‌ಗಳಿಂದ ಅನುದಾನ ಶುರುವಾಗುತ್ತದೆ. ಎರಡೂ ಕಡೆ ಉತ್ತರ ಬರಲು ಕೆಲವು ತಿಂಗಳು ಹಿಡಿಯಬಹುದು, ಅನುಮೋದನೆಗೆ ಮುಂಚೆ ಖರ್ಚಾದ ಹಣವನ್ನು ಅವರು ಕೊಡುವುದಿಲ್ಲ. ಆದ್ದರಿಂದ ರಾಜ್ಯೋತ್ಸವದ ಹೊತ್ತಿಗೆ ಕೆಲಸ ಶುರುವಾಗಬೇಕೆಂದಿದ್ದರೆ ಯುಗಾದಿ ಕಳೆದ ಕೂಡಲೇ ಅರ್ಜಿ ಹೋಗಲಿ, ಸಭಾಂಗಣಕ್ಕೆ ಮುಂಗಡ ಕಟ್ಟುವುದು ಮಂಜೂರಾತಿ ಪತ್ರ ಬಂದ ಮೇಲಿರಲಿ.