ಗಂಗಾವತಿಯ ಹಳೆ ಮನೆ ಇಳಿಸಿ ಅದರ ಇಟ್ಟಂಗಿ, ತೊಲೆಗಳನ್ನೇ ಹೊಸ ಕಾಂಪ್ಲೆಕ್ಸಿಗೆ ಹಾಕಿದರೆ ಖರ್ಚು ಉಳಿಯುತ್ತಾ?

ಉಳಿಯುವುದಿಲ್ಲ. ಖರ್ಚು ಉಳಿಸಲೆಂದೇ ಹೊರಟಿದ್ದರೆ ಈಗಲೇ ಕೈಬಿಡಿ. ಸಿಂಧನೂರಿನಲ್ಲಿ ಅಜ್ಜನ ಮಾಳಿಗೆ ಮನೆ ಇಳಿಸಿ ಅಂಗಡಿ ಸಾಲು ಎಬ್ಬಿಸುವಾಗ ನಾನೂ ಇದೇ ಲೆಕ್ಕ ಹಾಕಿದ್ದೆ. ಸುಮಾರು 6,000 ಇಟ್ಟಂಗಿ ಇಡಿಯಾಗಿ ಸಿಕ್ಕವು. ಸುಣ್ಣದ ಗಾರೆ, ಕರಣಿಯಿಂದ ತಟ್ಟಿದರೆ ಉದುರುತ್ತಿತ್ತು. (ನಿಮ್ಮದು ಸಿಮೆಂಟಿನಲ್ಲಿ ಕಟ್ಟಿದ ಗೋಡೆಯಾದರೆ ಆಸೆ ಬಿಡಿ. ಗಾರೆ ಬಿಡುವ ಮೊದಲೇ ಇಟ್ಟಂಗಿ ಒಡೆಯುತ್ತದೆ.)

ನಾನು ಕೆಟ್ಟದ್ದು ಎಲ್ಲಿ ಅಂದರೆ, ಬುಡದ ಇಟ್ಟಂಗಿ, ಮೇಲಿನ ಇಟ್ಟಂಗಿ ಎರಡನ್ನೂ ಒಂದೇ ರಾಶಿಗೆ ಹಾಕಿಸಿದೆ. ತುಂಗಭದ್ರಾ ಎಡದಂಡೆ ಕಾಲುವೆ ಕೆಳಗಿನ ಚೌಳು, ಅಂದರೆ ಉಪ್ಪೇರಿದ ಮಣ್ಣು, ನಿಮಗೇನು ಹೊಸದಲ್ಲ. ಆ ಉಪ್ಪು ತೇವದ ಜೊತೆ ಗೋಡೆ ಏರಿ ಮೂರು ಅಡಿಯವರೆಗೆ ಇಟ್ಟಂಗಿಯೊಳಗೆ ಕೂತಿತ್ತು. ಗೌಂಡಿ ಒಂದನ್ನು ನಾಲಿಗೆಗೆ ಹಚ್ಚಿ ನೋಡಿ, “ಇದು ಉಪ್ಪು ಕುಡದೈತ್ರಿ ಅಣ್ಣಾರ, ಮುಂದಿನ ಗ್ವಾಡಿಗಿ ಬ್ಯಾಡ” ಅಂದ. ತೊಳೆದರೆ ಹೋಗುತ್ತೆ ಬಿಡು ಅಂತ ನಾನು ಬೋರಿನ ಪೈಪು ಹಿಡಿದೆ. ಬೋರಿನ ನೀರೇ ಸೌಳು! ಆಮೇಲೆ ಮುಂಭಾಗಕ್ಕೆ ಗಿಲಾವು ಮಾಡದೆ, ಹಳೆ ಇಟ್ಟಂಗಿ ಚಂದ ಕಾಣಲಿ ಅಂತ ಸಂದಿಗೆಲ್ಲ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಉಸುಕಿನ ಗಾರೆ ತುಂಬಿಸಿದೆ.

ಮೊದಲ ಮಳೆಗಾಲ ಮುಗಿದು ಗೋಡೆ ಒಣಗುತ್ತಿದ್ದ ಹಾಗೆ ಇಟ್ಟಂಗಿಯ ಮೇಲೆ ಉಪ್ಪಿನ ಬಿಳಿ ಪುಡಿ ಎದ್ದಿತು. ಬ್ರಷ್ಷಿನಿಂದ ಉಜ್ಜಿಸಿದೆ. ಎರಡನೇ ವರ್ಷ ಇಟ್ಟಂಗಿಯ ಮೋರೆ ಕಟಕ್ ರೊಟ್ಟಿಯ ಹಾಗೆ ಪದರ ಪದರ ಏಳತೊಡಗಿತು. ಸಿಮೆಂಟು ಸಂದಿ ಮಾತ್ರ ಜಾಳಿಗೆಯಂತೆ ಮುಂದೆ ನಿಂತು, ಇಟ್ಟಂಗಿ ಅರ್ಧ ಇಂಚು ಒಳಗೆ ಸವೆದಿತ್ತು. ಕಾರಣ ಸರಳ. ಗೋಡೆಯೊಳಗಿನ ತೇವ ಸುಲಭದ ದಾರಿ ಹುಡುಕುತ್ತದೆ. ಸುಣ್ಣದ ಸಂದಿಯಾದರೆ ಅಲ್ಲಿಂದ ಆರಿ, ಉಪ್ಪು ಸಂದಿಯಲ್ಲೇ ಹರಳುಗಟ್ಟಿ, ಸಂದಿ ಉದುರುತ್ತದೆ. ಉದುರಿದಾಗ ಮತ್ತೆ ತುಂಬಿದರೆ ಆಯಿತು. ಸಿಮೆಂಟು ದಾರಿ ಕೊಡುವುದಿಲ್ಲ. ತೇವವೆಲ್ಲ ಇಟ್ಟಂಗಿಯ ಮೋರೆಯಿಂದಲೇ ಹೊರಬಿದ್ದು, ಉಪ್ಪಿನ ಹರಳು ಅದರ ರಂಧ್ರದೊಳಗೆ ಬೆಳೆದು ಸಿಪ್ಪೆಯನ್ನು ತಳ್ಳುತ್ತದೆ. ಅಂಗಡಿಯವನೊಬ್ಬ ಹೇಳಿದ ವಾಟರ್‌ಪ್ರೂಫ್ ಬಣ್ಣ ಬಳಿಸಿದೆ. ಸಿಪ್ಪೆ ಬಣ್ಣದ ಸಮೇತ ಬಿತ್ತು. ಕೊನೆಗೆ ಆ ಗೋಡೆಯನ್ನೇ ಇಳಿಸಿದೆವು.

ನೀವು ಮಾಡುವುದಾದರೆ ಜೆಸಿಬಿ ಮುಟ್ಟಿಸದೆ ಮೇಲಿನಿಂದ ಕೈಯಲ್ಲಿ ಇಳಿಸಿ. ನೆಲದಿಂದ ಮೂರು ಅಡಿಗೆ ಗೋಡೆಗೆ ಗೆರೆ ಹೊಡೆದು, ಅದರ ಕೆಳಗಿನದ್ದನ್ನು ಬೇರೆ ಹಾಕಿ. ದನದ ಕೊಟ್ಟಿಗೆ, ಬಚ್ಚಲ ಗೋಡೆ ಪೂರ್ತಿ ಬೇಡ. ಉಳಿದದ್ದರಲ್ಲಿ ಐದಾರು ಇಟ್ಟಂಗಿ ತೆಗೆದು, ತಾಟಿನಲ್ಲಿ 25 ಮಿ.ಮೀ. ನೀರು ಹಾಕಿ ನಿಲ್ಲಿಸಿ. ನೀರು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರೇ ಆಗಬೇಕು, ಬೋರಿನದಲ್ಲ. ಪೂರ್ತಿ ಆರಿದ ಮೇಲೆ ಅಷ್ಟೇ ನೀರು ಹಾಕಿ ಮತ್ತೊಮ್ಮೆ ಆರಿಸಿ. ಬಿಳುಪು ಮೈಯ ಹತ್ತರಲ್ಲೊಂದು ಪಾಲು ದಾಟಿದರೆ ಹೊರಗೋಡೆಗೆ ಬೇಡ. ಒಣಗಿದ ಇಟ್ಟಂಗಿ ತೂಗಿ, 24 ತಾಸು ನೆನೆಸಿ ಮತ್ತೆ ತೂಗಿ, ಒಣ ತೂಕದ ಶೇ. 20ಕ್ಕಿಂತ ಹೆಚ್ಚು ನೀರು ಕುಡಿದಿದ್ದರೆ ಅದೂ ಬೇಡ.

ಹಳೆ ಇಟ್ಟಂಗಿಯ ಮೇಲೆ ಕಟ್ಟಡದ ಭಾರ ಹೊರಿಸಬೇಡಿ. ಭಾರವನ್ನು ಕಾಂಕ್ರೀಟ್ ಕಂಬ ಹೊರಲಿ, ಇದು ನಡುವೆ ತುಂಬುವ ಗೋಡೆ ಅಷ್ಟೇ. ಸಂದಿಗೆ ಎರಡು ವಾರ ನೀರಿನಲ್ಲಿ ಕೊಳೆಹಾಕಿದ ಸುಣ್ಣ 1, ಇಟ್ಟಂಗಿ ಪುಡಿ 1, ಉಸುಕು 2 ಪಾಲು. ನಮ್ಮ ಬಿಸಿಲಿಗೆ ಸುಣ್ಣ ಗಟ್ಟಿಯಾಗುವ ಮೊದಲೇ ಬಿರಿಯುತ್ತದೆ, ಹಾಗಾಗಿ ಒಂದು ವಾರ ಒದ್ದೆ ಗೋಣಿತಟ್ಟು ಇಳಿಬಿಡಿ. ಸುಣ್ಣದ ಕೆಲಸ ಬಲ್ಲ ಗೌಂಡಿ ಸಿಗದಿದ್ದರೆ ಈ ಯೋಚನೆಯೇ ಬೇಡ.

ಸಾಗವಾನಿ ತೊಲೆ ಕಾಂಕ್ರೀಟಿನಲ್ಲಿ ಹೂಳಬೇಡಿ, ತುದಿ ಕೊಳೆಯುತ್ತದೆ. ಮೊಳೆಯೆಲ್ಲ ಕಿತ್ತ ಮೇಲೆ ಸೀಳಿಸಿ ಬಾಗಿಲಿಗೋ ಕಿಟಕಿಗೋ ಬಳಸಿ. ನಿಜವಾಗಿ ದುಡ್ಡು ಉಳಿದರೆ ಇಲ್ಲೇ. ನೂರು ವರ್ಷ ದಾಟಿದ ಕೆತ್ತನೆ ಚೌಕಟ್ಟಿದ್ದರೆ ಗುಜರಿಯವನಿಗೆ ತೋರಿಸುವ ಮೊದಲು ಪುರಾತತ್ವ ಇಲಾಖೆಯಲ್ಲಿ ವಿಚಾರಿಸಿ, ಪ್ರಾಚೀನ ವಸ್ತುಗಳ ಕುರಿತ 1972ರ ಕಾಯ್ದೆ ಅಡ್ಡ ಬರಬಹುದು.

ಬುಡದ ಇಟ್ಟಂಗಿ ಒಡೆದು ಜಲ್ಲಿ ಮಾಡಿ ಕಾಂಕ್ರೀಟಿಗೆ ಬೆರೆಸೋಣ ಅಂತ ಕಂಟ್ರಾಕ್ಟರ್ ಹೇಳಿದರೆ ಒಪ್ಪಬೇಡಿ. ಅದೇ ಉಪ್ಪು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ.