ಜೋಳದ ಹೊಲದಲ್ಲಿ ಕಳೆ ತೆಗೆಯದೆ ಬಿಟ್ಟರೆ ಏನಾಗುತ್ತದೆ?

ಮೊದಲ ಪೆಟ್ಟು ಇಳುವರಿಗೆ. ಬಿತ್ತಿದ ಮೊದಲ 5-6 ವಾರಗಳೇ ಮುಖ್ಯ. ಆಗ ಕಳೆ ಬಿಟ್ಟರೆ ತೇವ, ಗೊಬ್ಬರ, ಬೆಳಕು ಎಲ್ಲವನ್ನೂ ಅದೇ ಕಸಿದುಕೊಳ್ಳುತ್ತದೆ. ಮಳೆ ನಂಬಿದ ಹೊಲವಾದರೆ ತೆನೆ ಸಣ್ಣದಾಗುತ್ತದೆ, ಕಾಳು ಜೊಳ್ಳಾಗುತ್ತದೆ. ಆಮೇಲೆ ಕಳೆ ಕಿತ್ತರೂ ಆ ನಷ್ಟ ತುಂಬುವುದಿಲ್ಲ.

ನನಗೆ ಜಾಸ್ತಿ ಭಯ ಇರುವುದು ಸ್ಟ್ರೈಗಾ ಎಂಬ ಕಳೆಯದ್ದು. ಅದು ಜೋಳದ ಬೇರಿಗೇ ಅಂಟಿಕೊಂಡು ರಸ ಹೀರುತ್ತದೆ. ನೆಲದ ಮೇಲೆ ಕಾಣುವ ಹೊತ್ತಿಗೆ ಬೆಳೆ ಆಗಲೇ ಸೊರಗಿರುತ್ತದೆ. ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಅವು ಮಣ್ಣಿನಲ್ಲಿ 10 ವರ್ಷದವರೆಗೂ ಜೀವ ಹಿಡಿದಿರಬಲ್ಲವು. ಹಾಗಾಗಿ ಹೂ ಬಿಡುವ ಮೊದಲೇ ಕಿತ್ತುಬಿಡಿ. ಉಳಿದ ಕಳೆಗೆ ಮೂರನೇ ವಾರದಿಂದ ಎಡೆಕುಂಟೆ (ಸಾಲುಗಳ ನಡುವಿನ ಕಳೆ ತೆಗೆಯುವ ಸಾಧನ) ಹೊಡೆಯಿರಿ. ಸಾಲಿನೊಳಗಿನದನ್ನು ಕೈಯಿಂದಲೇ ತೆಗೆಯಬೇಕು.